ಎರಡನೆಯ ಬಟ್ಟಲು

ಕಳೆದ ವರ್ಷ ಮಗಳ ಹದಿನಾರನೆಯ ಹುಟ್ಟುಹಬ್ಬಕ್ಕೆ ನಾವು ನಾಲ್ವರು ಸುಬಾಂಗ್ ಜಯಾದ ಎಸ್‌ಎಸ್ 15ರಲ್ಲಿರುವ ಒಂದು ಕೊರಿಯನ್ ಹೋಟೆಲಿಗೆ ಹೋಗಿದ್ದೆವು. ಆಯ್ಕೆ ಮಗಳದು. ಮೂರು ತಿಂಗಳಿಗೆಂದು ತಿಪಟೂರಿನಿಂದ ಬಂದಿದ್ದ ಅಮ್ಮನೂ ಜೊತೆಗಿದ್ದಳು. ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕದ, ಮೊಟ್ಟೆ ಬೇಯಿಸಿದ ಪಾತ್ರೆಯಲ್ಲಿ ಹಾಲನ್ನೂ ಕಾಯಿಸದ ಹೆಂಗಸು ಅವಳು. ಆದರೂ ಮೊಮ್ಮಗಳ ಮಾತಿಗೆ ಇಲ್ಲವೆನ್ನದೆ ಹೊರಟಿದ್ದಳು.

ಅಮ್ಮನಿಗೆ ಮೊಟ್ಟೆ, ಮಾಂಸ ಬಿಟ್ಟು ಬಿಬಿಂಬಾಪ್ ಮಾಡಿಕೊಡಲು ಹೇಳಿದೆವು. ಅನ್ನದ ಮೇಲೆ ತರಕಾರಿ, ಸೊಪ್ಪು, ಕೆಂಪು ಮೆಣಸಿನಕಾಯಿಯ ಗೊಜ್ಜು. ಅದು ಬರುವ ಮೊದಲೇ ಅವರ ಪದ್ಧತಿಯಂತೆ ಪುಟ್ಟ ಬಟ್ಟಲುಗಳು ಬಂದವು: ಮೊಳಕೆಕಾಳು, ಆಲೂಗಡ್ಡೆ, ಕೆಂಪಗಿನ ಕಿಮ್ಚಿ. ಇವಕ್ಕೆ ಬೇರೆ ದುಡ್ಡಿಲ್ಲ. ಮುಗಿದರೆ ಮತ್ತೆ ತಂದಿಡುತ್ತಾರೆ. ಅಮ್ಮ ಕಿಮ್ಚಿ ಬಾಯಿಗಿಟ್ಟು, "ಎಲೆಕೋಸಿನ ಉಪ್ಪಿನಕಾಯಿ ಕಣೋ, ಚೆನ್ನಾಗಿದೆ" ಎಂದಳು. ಬಂದ ಮೇಲೆ ಹೊರಗಿನ ತಿಂಡಿಯೊಂದನ್ನು ಅವಳು ಮೆಚ್ಚಿದ್ದು ಅದೇ ಮೊದಲು.

ಮಗಳು ನನ್ನ ಕಡೆ ಬಾಗಿ, "ಅಪ್ಪ, ಅದಕ್ಕೆ ಸೀಗಡಿ ಹಾಕಿರ್ತಾರೆ. ಅಜ್ಜಿಗೆ ಹೇಳ್ಲಾ?" ಎಂದು ಪಿಸುಗುಟ್ಟಿದಳು. ಉಪ್ಪಿನಲ್ಲಿ ಹುದುಗಿಸಿದ ಸಣ್ಣ ಸೀಗಡಿಯೋ ಮೀನಿನ ಸಾರವೋ ಇಲ್ಲದ ಕಿಮ್ಚಿ ಕಡಿಮೆ. ನನಗದು ಹೊಳೆದಿರಲಿಲ್ಲ. ಬೇಡವೆಂದು ಕಣ್ಣಲ್ಲೇ ಸನ್ನೆ ಮಾಡಿದೆ. ಬಟ್ಟಲು ಖಾಲಿಯಾಯಿತು. ಅಮ್ಮ ಇನ್ನೊಂದು ಸಿಗುತ್ತದೆಯೇ ಎಂದಳು. ಕೈ ಎತ್ತಿ ಹುಡುಗನನ್ನು ಕರೆದವನು ನಾನೇ. ಬಿಲ್ಲು ಕೊಡುವಾಗ ವಿಚಾರಿಸಿದೆ. ಹೌದು, ಸೀಗಡಿ ಇದೆ ಎಂದರು.

ಆ ರಾತ್ರಿ ನನ್ನನ್ನು ನಾನೇ ಸಮರ್ಥಿಸಿಕೊಂಡೆ. ತಿಳಿಯದೆ ತಿಂದರೆ ದೋಷವಿಲ್ಲ. ಹೇಳಿದ್ದರೆ ಹುಟ್ಟುಹಬ್ಬ ಕೆಡುತ್ತಿತ್ತು, ಅಮ್ಮ ಮರುದಿನ ಉಪವಾಸ ಕೂರುತ್ತಿದ್ದಳು. ಚಮಚದಷ್ಟೂ ಇಲ್ಲದ ಸೀಗಡಿಗೆ ಇಷ್ಟು ರಂಪ ಬೇಕೆ?

ಆಡಿಟ್ ಮಾಡುವವರಿಗೆ ಈ ವಾದ ಹೊಸದಲ್ಲ. ನಮ್ಮಲ್ಲಿ ಮಟೀರಿಯಾಲಿಟಿ ಎಂಬ ಮಾತಿದೆ. ಒಂದು ಮಿತಿಗಿಂತ ಚಿಕ್ಕ ತಪ್ಪನ್ನು ನಾವು ದೊಡ್ಡದು ಮಾಡುವುದಿಲ್ಲ. ಆದರೆ ಆ ಮಿತಿ ಹಾಕುವಾಗ ನೋಡಬೇಕಾದದ್ದು ಲೆಕ್ಕ ಬರೆದವರ ಅನುಕೂಲವನ್ನಲ್ಲ, ಅದನ್ನು ನಂಬಿ ನಿರ್ಧಾರ ಮಾಡುವವರನ್ನು. ಗೊತ್ತಿದ್ದರೆ ಅವರ ನಿರ್ಧಾರ ಬದಲಾಗುತ್ತಿತ್ತೇ? ಅದೇ ಪ್ರಶ್ನೆ. ಆದ್ದರಿಂದಲೇ ಮೊತ್ತ ಸಣ್ಣದಿದ್ದರೂ ಕೆಲವು ಸಂಗತಿಗಳು ಸ್ವಭಾವದಿಂದಲೇ ದೊಡ್ಡವು, ನಿರ್ದೇಶಕನೊಬ್ಬ ಕಂಪನಿಯಿಂದ ತನಗೇ ಕೊಟ್ಟುಕೊಂಡ ಸಣ್ಣ ಸಾಲದ ಹಾಗೆ. ಅಮ್ಮನಿಗೆ ಸೀಗಡಿ ಅಂಥದ್ದು. ಅದು ಚಿಕ್ಕದೋ ದೊಡ್ಡದೋ ಎಂದು ತೀರ್ಮಾನಿಸುವ ಅಧಿಕಾರ ನನಗಿರಲಿಲ್ಲ.

ಇದಕ್ಕಿಂತ ಚುಚ್ಚಿದ್ದು ಇನ್ನೊಂದು. ಈ ದೇಶದಲ್ಲಿ ಊಟದ ಬಗ್ಗೆ ಕೇಳುವುದಕ್ಕೆ ಯಾರೂ ಸಂಕೋಚಪಡುವುದಿಲ್ಲ. ಎಷ್ಟೋ ಹೋಟೆಲುಗಳ ಬಾಗಿಲಲ್ಲಿ ಜಾಕಿಮ್‌ನ ಹಲಾಲ್ ಮುದ್ರೆ ಇರುತ್ತದೆ. ಚೀನೀ ಬೌದ್ಧರ ಸಸ್ಯಾಹಾರಿ ಹೋಟೆಲುಗಳಿವೆ. ಕಚೇರಿಯ ಊಟಕ್ಕೆ ಹೇಳುವಾಗ ಮಲಯ್ ಸಹೋದ್ಯೋಗಿಗಳ ಸಲುವಾಗಿ ನಾನು ಎರಡೆರಡು ಸಲ ವಿಚಾರಿಸುತ್ತೇನೆ. ಅವರ ತಟ್ಟೆಗೆ ಹಂದಿಮಾಂಸದ ರಸ ಬಿದ್ದದ್ದು ಗೊತ್ತಾದರೆ ಸುಮ್ಮನಿರುತ್ತಿದ್ದೆನೆ? ಇಲ್ಲ. ಹೊರಗಿನವರ ನಂಬಿಕೆಗೆ ಕೊಟ್ಟ ಮರ್ಯಾದೆಯನ್ನು ಹೆತ್ತವಳ ನಂಬಿಕೆಗೆ ಕೊಡಲಿಲ್ಲ. ನಮ್ಮವರೆಂಬ ಸಲುಗೆಯಲ್ಲಿ ಅವರ ಪರವಾಗಿ ನಾವೇ ತೀರ್ಮಾನಿಸಿಬಿಡುತ್ತೇವೆ. ಪರದೇಶದಲ್ಲಿರುವವರಿಗಂತೂ ಇದು ರೂಢಿಯೇ ಆಗಿದೆ. ಇಲ್ಲಿ ಕೆಲಸ ಹೋದರೆ ನಾವು ಹೇಳುವುದಿಲ್ಲ, ಅಲ್ಲಿ ಜಾರಿ ಬಿದ್ದರೆ ಅವರು ಹೇಳುವುದಿಲ್ಲ. ಭಾನುವಾರದ ಫೋನಿನಲ್ಲಿ ಎರಡೂ ಕಡೆ ಎಲ್ಲರೂ ಚೆನ್ನಾಗಿರುತ್ತೇವೆ.

ನಾಲ್ಕನೆಯ ದಿನ ಅಮ್ಮ, "ನಿಮ್ಮ ಚಿಕ್ಕಮ್ಮನಿಗೆ ಒಂದು ಬಾಟ್ಲಿ ಆ ಉಪ್ಪಿನಕಾಯಿ ಕೊಡ್ಸೋ" ಎಂದಳು. ಆಗ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. "ಮೊದಲನೇದು ಹೋಗ್ಲಿ, ಗೊತ್ತಿಲ್ದೆ ಆಯ್ತು. ಎರಡನೇದು ನೀನೇ ತರಿಸಿ ಕೊಟ್ಟೆಯಲ್ಲೋ" ಎಂದಳು. ಆಮೇಲೆ, "ಮಗೂಗೆ ಗೊತ್ತಿತ್ತಾ?"

"ಅವಳು ಹೇಳ್ತೀನಿ ಅಂದ್ಲು. ನಾನೇ ತಡೆದೆ."

ಅಮ್ಮ ಎದ್ದು ಸ್ನಾನಕ್ಕೆ ಹೋದಳು. ಆ ರಾತ್ರಿ ಊಟ ಮಾಡಲಿಲ್ಲ. ನಿಜ ಹೇಳಿದ್ದರಿಂದ ಎಲ್ಲ ಸರಿಹೋಯಿತು ಎನ್ನಲಾರೆ. ಅವಳು ಇಷ್ಟಪಟ್ಟಿದ್ದ ಒಂದು ರುಚಿಯೂ ಹೋಯಿತು, ನನ್ನ ಮೇಲಿದ್ದ ಒಂದು ಭರವಸೆಯೂ ಹೋಯಿತು. ಮಗಳಿಗೆ ನಾನು ಕಲಿಸಿದ್ದೇನು ಎಂಬ ಪ್ರಶ್ನೆ ಉಳಿಯಿತು.

ಕೊರಿಯಾದ ಬೌದ್ಧ ಮಠಗಳಲ್ಲಿ ಮೀನು, ಸೀಗಡಿ ಮಾತ್ರವಲ್ಲ, ಬೆಳ್ಳುಳ್ಳಿ, ಈರುಳ್ಳಿಯೂ ಇಲ್ಲದ ಕಿಮ್ಚಿ ಮಾಡುತ್ತಾರೆಂದು ಮಗಳು ಹುಡುಕಿ ತಂದಳು. ಅಮ್ಮ ಊರಿನಿಂದ ತಂದಿದ್ದ ಬ್ಯಾಡಗಿ ಮೆಣಸಿನಪುಡಿ ಹಾಕಿ ಅಜ್ಜಿ ಮೊಮ್ಮಗಳು ಒಂದು ಡಬ್ಬಿ ಮಾಡಿದರು. ಹೋಟೆಲಿನದಷ್ಟು ರುಚಿಯಾಗಲಿಲ್ಲ. ಅಮ್ಮನೇ ಹಾಗೆಂದಳು, ಆದರೂ ಡಬ್ಬಿ ಖಾಲಿ ಮಾಡಿದಳು.

ಊರಿಗೆ ಮರಳುವವರೆಗೆ ಇನ್ನೂ ಮೂರ್ನಾಲ್ಕು ಸಲ ಹೊರಗೆ ಊಟಕ್ಕೆ ಹೋದೆವು. ತಟ್ಟೆ ಬಂದ ಕೂಡಲೇ ಅಮ್ಮ, "ಇದರಲ್ಲಿ ಏನೇನಿದೆ?" ಎಂದು ಕೇಳುತ್ತಿದ್ದಳು. ಕೂರುತ್ತಿದ್ದದ್ದು ನನ್ನ ಪಕ್ಕದಲ್ಲೇ, ಕೇಳುತ್ತಿದ್ದದ್ದು ಮೊಮ್ಮಗಳನ್ನು.