'ಬೇ' ಆದಮೇಲೆ ಏನು?

ಹೋದ ವರ್ಷ ನಾನು ಬರೆದ ಒಂದು ಸಾಲು ಕೋಡ್ ನಮ್ಮಮ್ಮನ ಫೋನಲ್ಲಿ ಒಂದು ಪದವನ್ನು ಕತ್ತರಿಸಿತು. ಮಾತ್ರೆ ನೆನಪಿಸುವ ಆ್ಯಪ್ ಅದು. ಜಾಗ ಸಾಲದಿದ್ದರೆ ವಾಕ್ಯ ತುಂಡು ಮಾಡಿ ಮೂರು ಚುಕ್ಕೆ ಇಡು, ಇಷ್ಟೇ ಆ ಕೋಡ್‌ನ ಕೆಲಸ. ಇಂಗ್ಲಿಷಿನಲ್ಲಿ ಏನೂ ತೊಂದರೆಯಿರಲಿಲ್ಲ, 'ಡು ನಾಟ್' ಮೊದಲೇ ಬರುತ್ತಲ್ಲ. ಕನ್ನಡದಲ್ಲಿ ಬೇಕು-ಬೇಡ ಎಲ್ಲಾ ಕೊನೆಗೇ. ಅಮ್ಮನಿಗೆ ಕಂಡಿದ್ದು ಹೀಗೆ: 'ಊಟಕ್ಕೆ ಮೊದಲು ಈ ಮಾತ್ರೆ ತೆಗೆದುಕೊಳ್ಳಬೇ…'

ಊರಿಂದ ಫೋನ್ ಬಂತು. "ಅಲ್ಲ ಕಣೋ, ತಗೋಬೇಕಾ, ಬೇಡ್ವಾ?"

"ಬೇಡಮ್ಮ. ಯಾರೋ ಸರಿಯಾಗಿ ಮಾಡಿಲ್ಲ ಅದನ್ನ" ಅಂದೆ.

ಆ ಯಾರೋ ನಾನೇ. ಟೆಸ್ಟಿಂಗ್ ಹೊತ್ತಿಗೇ ನೋಡಿದ್ದೆ ಕೂಡ. ಶುಕ್ರವಾರ ರಿಲೀಸ್ ಇತ್ತು. ಒತ್ತಿದರೆ ಪೂರ್ತಿ ಕಾಣುತ್ತಲ್ಲ ಅಂತ ಸುಮ್ಮನಾಗಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಸಾಲಿನ ಕೊನೆಗೆ ಪದ ಹಿಡಿಸದಿದ್ದಾಗ ಹಿಂದಿನವರು ಏನು ಮಾಡ್ತಿದ್ರು ಅಂತ ಹುಡುಕುತ್ತಾ ಕೂತೆ. 4ನೇ ಶತಮಾನದ ಕೋಡೆಕ್ಸ್ ಸಿನೈಟಿಕಸ್ ಎಂಬ ಗ್ರೀಕ್ ಬೈಬಲ್ ಹಸ್ತಪ್ರತಿಯ ಚಿತ್ರಗಳು ಆನ್‌ಲೈನಲ್ಲಿವೆ. ಬಹುಪಾಲು ಪುಟಗಳಲ್ಲಿ ನಾಲ್ಕು ಕಿರಿದಾದ ಅಂಕಣ. ಪದಗಳ ನಡುವೆ ಜಾಗವೇ ಇಲ್ಲ. ಸಾಲು ಮುಗಿದರೆ ಪದ ಮುರಿದು ಕೆಳಗಿಳಿಯುತ್ತದೆ, ಒಂದು ಗುರುತೂ ಇಲ್ಲದೆ. ಆಗಿನವರು ಸಾಮಾನ್ಯವಾಗಿ ಗಟ್ಟಿಯಾಗಿ ಓದುತ್ತಿದ್ದರು. ಮುರಿದ ಪದವನ್ನು ಕಿವಿ ಕೂಡಿಸಿಕೊಳ್ಳುತ್ತಿತ್ತು.

ಪದಗಳ ನಡುವೆ ಜಾಗ ಬಿಡುವುದನ್ನು 7-8ನೇ ಶತಮಾನದಲ್ಲಿ ರೂಢಿಗೆ ತಂದವರು ಐರ್ಲೆಂಡಿನ ಲಿಪಿಕಾರರು. ಲ್ಯಾಟಿನ್ ಅವರ ಮನೆಮಾತಲ್ಲ, ಪದ ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ಕಾಣಬೇಕಿತ್ತು. ಕಲಿತು ಓದುವವರ ಕಷ್ಟ ಕಲಿತು ಓದುವವರಿಗೇ ಗೊತ್ತು. (ಹಳ್ಳಿ ಶಾಲೆಯಿಂದ ಬಂದು ಬಿಇ ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪುಸ್ತಕ ತೆರೆದವರು ತಲೆಯಾಡಿಸುತ್ತೀರಿ.) ಆದರೆ ಜಾಗ ಬಂದಮೇಲೆ ಹೊಸ ತಲೆನೋವು. ಸಾಲಿನ ತುದಿಯಲ್ಲಿ ಪದ ಮುಗಿದಿದೆಯೋ, ಮುಂದಿನ ಸಾಲಿಗೆ ಹರಿದಿದೆಯೋ? ಸುಮಾರು 11ನೇ ಶತಮಾನದ ಹೊತ್ತಿಗೆ ಅಲ್ಲೊಂದು ಸಣ್ಣ ಗೆರೆ ಕಾಣಿಸತೊಡಗುತ್ತದೆ. ಇನ್ನೂ ಇದೆ, ತಾಳು ಅನ್ನುವ ಗೆರೆ.

ಆಗ ಚರ್ಮದ ಹಾಳೆ ಅಗ್ಗವಿರಲಿಲ್ಲ. ದೊಡ್ಡ ಬೈಬಲ್ ಒಂದಕ್ಕೆ ನೂರಾರು ಕರುಗಳ ಚರ್ಮ ಹಿಡಿಯುತ್ತಿತ್ತು. ಜಾಗ ಉಳಿಸಲು ಲಿಪಿಕಾರರು ಎಂ, ಎನ್ ಅಕ್ಷರಗಳನ್ನೇ ನುಂಗಿ, ಸ್ವರದ ನೆತ್ತಿಯ ಮೇಲೆ ಗೀಟು ಹಾಕಿ ಮುಗಿಸುತ್ತಿದ್ದರು. ಅಂಥ ಜಿಪುಣತನದ ನಡುವೆಯೂ ಓದುವವನಿಗಾಗಿ ಆ ಗೆರೆ ಉಳಿಯಿತು. 1450ರ ದಶಕದಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದಾಗ ಅದನ್ನು ಜೋಡಿಗೆರೆ ಮಾಡಿ ಅಂಕಣದ ಆಚೆಗೆ, ಅಂಚಿನ ಖಾಲಿ ಜಾಗಕ್ಕೆ ತಳ್ಳಿದ. ಪುಟವೂ ಚೆಂದ, ಓದುಗನಿಗೂ ಮೋಸವಿಲ್ಲ.

ಎಲ್ಲಿ ಮುರಿಯಬೇಕು ಅನ್ನುವುದಕ್ಕೂ ಲೆಕ್ಕವಿತ್ತು. 'ಓಮ್ನಿಸ್' ಅನ್ನುವ ಪದವನ್ನು 'ಓ-ಮ್ನಿಸ್' ಅಂತ ಬಿಡಿಸಬೇಕೆಂದು ಹಳೆಯ ಲ್ಯಾಟಿನ್ ವ್ಯಾಕರಣಕಾರರು ಪಾಠ ಹೇಳಿದ್ದರು. ನಮಗೆ ಅದನ್ನು ಯಾರೂ ಕಲಿಸಬೇಕಿಲ್ಲ, ಒತ್ತಕ್ಷರ ಇದೆಯಲ್ಲ. 'ರಕ್ತ' ಮುರಿದರೆ 'ರ', 'ಕ್ತ'. ಬೇರೆ ದಾರಿಯೇ ಇಲ್ಲ.

ಹಾಗಾದರೆ ನಮ್ಮ ಓಲೆಗರಿಗಳು? ಅಲ್ಲೂ ಪದಗಳ ನಡುವೆ ಜಾಗವಿಲ್ಲ, ಸಾಲಿನ ಕೊನೆಗೆ ಗೆರೆಯಿಲ್ಲ. ದಾರ ಪೋಣಿಸುವ ತೂತು ಅಡ್ಡ ಬಂದರೆ ಪದ ಅದರ ಈಚೆ ಅರ್ಧ, ಆಚೆ ಅರ್ಧ. ಮೇಲಿಂದ ಸಂಧಿ ಬೇರೆ. ಬರೆದವನು ಓದುವವನಿಗೆ ಅನ್ಯಾಯ ಮಾಡಿದ ಅನ್ನೋಣವೇ? ನನಗೆ ಹಾಗನಿಸಲ್ಲ. ಗರಿ ಹಿಡಿದು ಹಾಡುತ್ತಾ ಓದುವವನಿಗೆ ಛಂದಸ್ಸು ಕೈಹಿಡಿದು ನಡೆಸುತ್ತಿತ್ತು. ಪದ ಎಲ್ಲಿ ಬೇಕಾದರೂ ಮುರಿಯಬಹುದು ಅನ್ನುವುದು ಇಬ್ಬರಿಗೂ ಗೊತ್ತು. ಉಳಿದರ್ಧ ಎಲ್ಲಿದೆ ಅನ್ನುವುದೂ ಗೊತ್ತು.

ನನ್ನ ಮೂರು ಚುಕ್ಕೆಯ ಸಮಸ್ಯೆ ಇಲ್ಲೇ. ಉಳಿದರ್ಧ ಎಲ್ಲಿದೆ ಅಂತ ನನಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿರಲಿಲ್ಲ. 'ಒತ್ತಿದರೆ ಕಾಣುತ್ತೆ' ಅನ್ನುವುದು ಸುಳ್ಳೇನಲ್ಲ. ಆದರೆ ಒತ್ತಬೇಕು ಅಂತ ಅವಳಿಗೆ ಹೇಳಿದವರು ಯಾರು? ಬಳಸುವವರೇ ಕಲಿತುಕೊಳ್ಳಲಿ ಅಂತ ಆಫೀಸಲ್ಲಿ ನಾವೆಲ್ಲ ಸಲೀಸಾಗಿ ಅಂದುಬಿಡ್ತೀವಿ. ಜಾಗ ಉಳಿದದ್ದು ನಮಗೆ, ಅದರ ಬೆಲೆ ತೆತ್ತದ್ದು ಸಕ್ಕರೆ ಕಾಯಿಲೆಯ ಅರವತ್ತು ದಾಟಿದ ಹೆಂಗಸು. ಅವಳು ಕೇಳಿದಳು ಸರಿ, ಕೇಳದೆ ನುಂಗಿದವರು ಎಷ್ಟು ಜನರೋ.

ಸರಿಮಾಡಲು ಎರಡೇ ದಿನ ಸಾಕಾಯಿತು. ಎರಡನೇ ಸಾಲಿಗೆ ಜಾಗ ಕೊಟ್ಟೆ. ಅದೂ ಸಾಲದಿದ್ದರೆ ಅಂತ 'ಬೇಡ'ವನ್ನು ಎತ್ತಿ ಮುಂದಕ್ಕಿಟ್ಟೆವು: 'ಬೇಡ! ಊಟಕ್ಕೆ ಮೊದಲು ಈ ಮಾತ್ರೆ.'

ಮುಂದಿನ ವಾರ ಅಮ್ಮನ ಫೋನ್. "ನೀನು ಹೇಳಿದ್ಯಲ್ಲ, ಆ ಯಾರೋ ಹುಡುಗ, ಈಗ ಗದರೋಕೆ ಶುರು ಮಾಡವ್ನೆ ಕಣೋ."

"ಹೂಂ ಅಮ್ಮ, ಹೇಳ್ತೀನಿ ಅವನಿಗೆ" ಅಂದೆ.