ಬೆಂಕಿ ನಂದಿದ ದಿನ

ಹೋದ ಆಷಾಢದಲ್ಲಿ ಹೊನ್ನಾವರದ ಹತ್ತಿರದ ನಮ್ಮೂರಲ್ಲಿ ಎರಡು ದಿನ ಕರೆಂಟಿಲ್ಲ, ನೆಟ್‌ವರ್ಕೂ ಇಲ್ಲ. ಮೂರನೇ ದಿನ ಅಕ್ಕನ ಮಗಳು ಫೋನಲ್ಲಿ ಬಿಕ್ಕಿ ಬಿಕ್ಕಿ ಅಳ್ತಿದ್ದಳು. "ಮಾವಾ, ನನ್ನ ಬೆಂಕಿ ನಂದಿ ಹೋತು!"

ಗಾಬರಿಯಾದೆ. ಆಮೇಲೆ ಗೊತ್ತಾಯ್ತು, ಅದು ಗಣಿತ ಕಲಿಸುವ ಆಟದ ಆಪ್‌ನಲ್ಲಿರುವ ಬೆಂಕಿ. ದಿನಾ ಆಡಿದರೆ ಉರಿಯುತ್ತೆ, ಒಂದು ದಿನ ತಪ್ಪಿದರೆ ಮತ್ತೆ ಸೊನ್ನೆ. 41 ದಿನ ಕಾಪಾಡಿಕೊಂಡಿದ್ದಳಂತೆ.

ಸಮಾಧಾನ ಹೇಳಿದೆ. ಹೇಳದೇ ಉಳಿಸಿಕೊಂಡದ್ದು ಒಂದಿದೆ: ಹಳೆಯ ಕಂಪನಿಯೊಂದರಲ್ಲಿ ಇಂಥದ್ದೇ ಬೆಂಕಿಗೆ ಕೋಡ್ ಬರೆದವನು ನಾನು. ಅಲ್ಲಿನ ಮೀಟಿಂಗುಗಳಲ್ಲಿ ಮಗು ನಾಳೆ ವಾಪಸ್ ಬರುತ್ತಾ ಅಂತ ಲೆಕ್ಕ ಹಾಕ್ತಿದ್ವಿ. ಏನು ಕಲಿಯಿತು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಆಗಷ್ಟೇ ಮನೆ ಸಾಲ ತಗೊಂಡಿದ್ದೆ.

ಹಾಗಂತ ಆಟದ ಮೂಲಕ ಕಲಿಸೋದೇ ತಪ್ಪು ಅನ್ನಲಾರೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಈಗ ರಾಜ್ಯದ ಸರ್ಕಾರಿ ಶಾಲೆಗಳ 1ರಿಂದ 3ನೇ ತರಗತಿಯಲ್ಲಿದೆ. ಹಾಡು, ಕಾರ್ಡು, ಆಟ ಎಲ್ಲಾ ಉಂಟು. ಜ್ವರ ಬಂದು ನಾಲ್ಕು ದಿನ ಮಲಗಿದ ಮಗು ವಾಪಸ್ ಬಂದಾಗ ಕಲಿಕಾ ಏಣಿಯಲ್ಲಿ ತಾನು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯುತ್ತೆ. ಮಲಗಿದ್ದಕ್ಕೆ ಕೆಳಗೆ ತಳ್ಳೋದಿಲ್ಲ.

ನನಗೆ ಲೆಕ್ಕ ಕಲಿಸಿದ್ದೂ ಆಟವೇ, ಅಜ್ಜಿಯ ಚೆನ್ನೆಮಣೆ. 14 ಗುಳಿ, ಗುಳಿಗೆ ನಾಲ್ಕರಂತೆ 56 ಹುಣಸೆಬೀಜ. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತೆ ಅಂತ ಮೊದಲೇ ಎಣಿಸಬೇಕು. ಆ ಎಣಿಕೆಯೇ ಆಟ. ಸೊಸೆಯ ಆಪ್‌ನಲ್ಲಿ ಲೆಕ್ಕ ಅನ್ನೋದು ನಕ್ಷತ್ರಕ್ಕೆ ಕೊಡುವ ಟೋಲು. ಉತ್ತರ ಗೊತ್ತಿಲ್ಲದಿದ್ದರೆ ನಾಲ್ಕೂ ಆಯ್ಕೆ ಒತ್ತುತ್ತಾಳೆ, ಗೇಟ್ ತೆರೆಯುತ್ತೆ. ಅಜ್ಜಿ ಮಾತ್ರ ಬೇಕಂತ ಸೋತವಳಲ್ಲ. ಸಿಟ್ಟಲ್ಲಿ ನಾನು ಎದ್ದು ಹೋದರೆ ಹಿಂದೆ ಬಂದು ಕರೆದವಳೂ ಅಲ್ಲ.

"ಬೆಂಕಿ ಇಲ್ಲದಿದ್ರೆ 41 ದಿನ ಲೆಕ್ಕ ಮಾಡ್ತಿದ್ಲಾ?" ಅಂತ ಅಕ್ಕ ಕೇಳಿದಳು. ಬಹುಶಃ ಇಲ್ಲ. ಅವಳ ಗುಣಾಕಾರ ಚುರುಕಾಗಿದ್ದೂ ಸುಳ್ಳಲ್ಲ. ಆಸೆ ತೋರಿಸೋದು ಹೊಸದೂ ಅಲ್ಲ; ಅಪ್ಪ ಪೆಪ್ಪರಮೆಂಟು ಕೊಟ್ಟೇ ನನ್ನಿಂದ ಮಗ್ಗಿ ಹೇಳಿಸಿದ್ದು. ಆದರೆ ಮಗ್ಗಿ ಬಂದ ದಿನ ಅಪ್ಪನ ಪೆಪ್ಪರಮೆಂಟೂ ನಿಂತಿತು. ನಾನು ಬರೆದ ಕೋಡ್‌ನಲ್ಲಿ ನಿಲ್ಲುವ ದಿನವೇ ಇರಲಿಲ್ಲ.

ಮರುದಿನ ಮತ್ತೆ ಫೋನ್. "ಮಾವಾ, ಇವತ್ತು 1 ಆತು!"

ಶಾಬಾಸ್ ಅಂದೆ. ಚೌತಿಗೆ ಹೋದಾಗ ಅಟ್ಟದಿಂದ ಮಣೆ ಇಳಿಸಬೇಕು. ಬೀಜಕ್ಕೆ ಹುಳ ಹಿಡಿದಿದ್ದರೂ ಹಿಡಿದಿರಬಹುದು.