ಕರಡಿಯ ಬಾಯಿ ಮತ್ತು ಗೃಹಸ್ಥನ ಹೊಣೆ

ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಎಣಿಸಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆತ, ಛೇದವೆಂದರೆ ಅಂಗಭಂಗ. ಪ್ರಾಣಿಯನ್ನೇ ಸಾಕದ ನಗರವಾಸಿ ವರ್ತಕನಿಗೆ ಇವು ಅನ್ವಯಿಸುತ್ತವೆಯೇ ಎಂದು ನಾನು ಬಹುಕಾಲ ಯೋಚಿಸಿರಲಿಲ್ಲ.

ನನ್ನ ಬಾಲ್ಯದಲ್ಲಿ ನಾಯಂಡಹಳ್ಳಿಯ ಮೈಸೂರು ರಸ್ತೆಯಲ್ಲಿ ಕರಡಿ ಕುಣಿಸುವವರು ಬರುತ್ತಿದ್ದರು. ಮೂತಿಗೆ ಹಗ್ಗ ಪೋಣಿಸಿದ ಆ ಪ್ರಾಣಿ ಯಾರನ್ನೂ ಕಚ್ಚುತ್ತಿರಲಿಲ್ಲ. ಅದನ್ನು ಸಾಧುಸ್ವಭಾವವೆಂದು ತಿಳಿದು ನಾವು ಹತ್ತು ಪೈಸೆ ಹಾಕುತ್ತಿದ್ದೆವು. ತಾಯಿತಕ್ಕೆಂದು ಅದರ ಕೂದಲನ್ನೂ ಕೊಳ್ಳುತ್ತಿದ್ದೆವು. ಮರಿಯಾಗಿದ್ದಾಗಲೇ ಕೋರೆಹಲ್ಲುಗಳನ್ನು ಒಡೆದು, ಕಾಯಿಸಿದ ಕಬ್ಬಿಣದಿಂದ ಮೂತಿಯನ್ನು ಚುಚ್ಚುತ್ತಿದ್ದರೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಈ ವೃತ್ತಿಯಿಂದ ಬಿಡಿಸಿದ ಅನೇಕ ಕರಡಿಗಳಿಗೆ ಬನ್ನೇರುಘಟ್ಟದ ಪುನರ್ವಸತಿ ಕೇಂದ್ರದಲ್ಲಿ ಆಶ್ರಯ ದೊರೆಯಿತು. ದೇಶದ ಕೊನೆಯ ಕುಣಿಯುವ ಕರಡಿಯೆಂದು ಆಗ ಸಾರಲಾದ ರಾಜುವೂ 2009ರಲ್ಲಿ ಅಲ್ಲಿಗೇ ಬಂದಿತು. ಆದರೆ ಹಗ್ಗ ಬಿಚ್ಚಿದ ಮಾತ್ರಕ್ಕೆ ಋಣ ತೀರಲಿಲ್ಲ. ಒಡೆದ ಹಲ್ಲಿನ ಬೇರು ದವಡೆಯಲ್ಲೇ ಉಳಿಯುತ್ತದೆ. ತೆರೆದುಕೊಂಡ ದಂತಮಜ್ಜೆಯ ಮೂಲಕ ಸೋಂಕು ಕೆಳಗಿಳಿದು ಕೀವು ಕಟ್ಟುತ್ತದೆ. ಕಾಡುಪ್ರಾಣಿ ನೋವನ್ನು ಸುಲಭವಾಗಿ ತೋರಿಸಿಕೊಳ್ಳುವುದಿಲ್ಲ. ಆದ್ದರಿಂದ ಪಶುವೈದ್ಯರು ಅರಿವಳಿಕೆ ಕೊಟ್ಟು, ಬಾಯಿ ಪರೀಕ್ಷಿಸಿ, ಕೆಟ್ಟ ಬೇರನ್ನು ಕೀಳಬೇಕಾಗುತ್ತದೆ.

ಇದೂ ಛೇದವೇ ಅಲ್ಲವೇ ಎಂದು ಮಿತ್ರರೊಬ್ಬರು ಕೇಳಿದರು. ಹಿಂಸೆಯ ಮೂಲ ಪ್ರಮಾದದಲ್ಲಿದೆ ಎನ್ನುತ್ತದೆ ಶಾಸ್ತ್ರ. ಒಡೆದವನು ತನ್ನ ಹೊಟ್ಟೆಗಾಗಿ ಒಡೆದನು. ಕೀಳುವವನು ಪ್ರಾಣಿಯ ನೋವು ನೀಗಲೆಂದು ಕೀಳುತ್ತಾನೆ. ಆದರೆ ಸದ್ಭಾವವೊಂದೇ ಸಾಲದು. ಮುದಿಪ್ರಾಣಿಗೆ ಅರಿವಳಿಕೆಯೇ ಅಪಾಯವಾಗಬಹುದು. ಅದನ್ನು ತೂಗಿನೋಡದ ಕರುಣೆಯೂ ಪ್ರಮಾದವೇ ಸರಿ.

ಇನ್ನೊಂದು ಮಾತು. ಹುಣ್ಣಾದ ಬಾಯಿಯ ಮುಂದೆ ತುಂಬಿದ ಪಾತ್ರೆಯಿಟ್ಟರೆ ಅನ್ನವಿಟ್ಟಂತಾಗುವುದೇ? ಕಟ್ಟಿಹಾಕಿದವನು ಬಾಯಿಯನ್ನು ನೋಡದಿದ್ದರೆ ಅದು ಅನ್ನಪಾನನಿರೋಧವೇ ಎಂದು ನನ್ನ ನಂಬಿಕೆ. ಆನೆಗೂ ಇದು ಸಲ್ಲುತ್ತದೆ. ಅದಕ್ಕೆ ಜೀವಮಾನದಲ್ಲಿ ಆರು ಸಲ ದವಡೆಹಲ್ಲು ಬರುತ್ತವೆ. ಕೊನೆಯವು ಸವೆದ ಮೇಲೆ ಅದು ಮೇವನ್ನು ಅರೆಯಲಾರದು. ಆಗ ಮೇವನ್ನು ಕತ್ತರಿಸಿ, ಮೆತ್ತಗೆ ಮಾಡಿ ಕೊಡುವುದು ಸಾಕಿದವನ ಧರ್ಮ.

ಕೃತ, ಕಾರಿತ, ಅನುಮೋದನೆ ಎಂದು ಪಾಪಕ್ಕೆ ಮೂರು ಬಾಗಿಲು. ನನ್ನ ಹತ್ತು ಪೈಸೆ ಮೂರನೆಯ ಬಾಗಿಲಿನಿಂದ ಒಳಹೋಗಿತ್ತು. ಮುಂದೆ ಯಾವುದಾದರೂ ಕ್ಷೇತ್ರದಲ್ಲಿ ಆನೆಗೆ ಬಾಳೆಹಣ್ಣು ಕೊಟ್ಟು ಆಶೀರ್ವಾದ ಪಡೆಯುವಾಗ, ಅದರ ಬಾಯಿಯನ್ನು ವೈದ್ಯರು ಕೊನೆಯ ಬಾರಿ ನೋಡಿದ್ದು ಯಾವಾಗ ಎಂದು ಮಾವುತನನ್ನು ವಿನಯದಿಂದ ಕೇಳೋಣ. ವೆಚ್ಚಕ್ಕೆ ಹಣವಿಲ್ಲವೆಂದರೆ, ನಮ್ಮ ದಾನಕ್ಕೆ ಅದೇ ಯೋಗ್ಯ ಸ್ಥಳ.